ಭೋಮಾನ ಋಣ

ನಾವು ಮಾಡದ ತಪ್ಪಿಗೆ ನಾವು ಹೊಣೆಯೇ? ಬಾದಲ್ ಸರ್ಕಾರ್ ಅವರ ನಾಟಕಗಳನ್ನು ಓದುವಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡುತ್ತದೆ. ಕನ್ನಡ ರಂಗಭೂಮಿಯ ಋಣದಲ್ಲಿ ಬೆಳೆದವರಿಗೆ ಇದು ಸ್ವಲ್ಪ ವಿಚಿತ್ರವೆನಿಸಬಹುದು. ಕಾರ್ನಾಡರ ತುಘಲಕ್‌ನನ್ನೇ ನೋಡಿ. ಶಿಹಾಬುದ್ದೀನನನ್ನು ಕೈಯಾರೆ ಇರಿಯುತ್ತಾನೆ, ಮಲತಾಯಿಗೆ ಕಲ್ಲೇಟಿನ ಸಾವು ವಿಧಿಸುತ್ತಾನೆ, ಇಡೀ ದಿಲ್ಲಿಯನ್ನು ದೌಲತಾಬಾದಿಗೆ ನಡೆಸುತ್ತಾನೆ. ರಕ್ತ ಯಾರ ಕೈಗೆ ಅಂಟಿದೆ ಎಂಬುದರಲ್ಲಿ ಅನುಮಾನವಿಲ್ಲ.

'ತುಘಲಕ್' ಬಂದದ್ದು 1964ರಲ್ಲಿ. ಅದಕ್ಕೆ ಒಂದು ವರ್ಷ ಮೊದಲು ಬಾದಲ್‌ಬಾಬು ಬರೆದ 'ಏವಂ ಇಂದ್ರಜಿತ್' ನಾಟಕದಲ್ಲಿ ಯಾರೂ ಯಾರನ್ನೂ ಕೊಲ್ಲುವುದಿಲ್ಲ. ಕಾಲೇಜು, ಪರೀಕ್ಷೆ, ಇಂಟರ್‌ವ್ಯೂ, ಕೆಲಸ, ಮದುವೆ, ಇಷ್ಟೇ ಅಲ್ಲಿನ ಘಟನೆಗಳು. ಆದರೂ ಏನೋ ತಪ್ಪು ನಡೆದಿದೆ ಎಂಬ ಭಾವ ಮೊದಲಿನಿಂದ ಕೊನೆಯವರೆಗೂ ಬಿಡುವುದಿಲ್ಲ. ಈ ನಾಟಕವನ್ನು ಇಂಗ್ಲಿಷಿಗೆ ತಂದವರೂ ಕಾರ್ನಾಡರೇ.

ನಾಟಕದೊಳಗಿನ ಲೇಖಕ ಪ್ರೇಕ್ಷಕರ ನಡುವಿನಿಂದ ನಾಲ್ವರನ್ನು ಕರೆದು ಹೆಸರು ಕೇಳುತ್ತಾನೆ. ಅಮಲ್, ವಿಮಲ್, ಕಮಲ್. ನಾಲ್ಕನೆಯವನು ನಿರ್ಮಲ್ ಅನ್ನುತ್ತಾನೆ. ಲೇಖಕ ಒಪ್ಪುವುದಿಲ್ಲ. ಒತ್ತಾಯಿಸಿದ ಮೇಲೆ ಅವನ ನಿಜವಾದ ಹೆಸರು ಹೊರಬರುತ್ತದೆ: ಇಂದ್ರಜಿತ್. ಮೊದಲು ಯಾಕೆ ಸುಳ್ಳು ಹೇಳಿದೆ ಎಂದರೆ, ಭಯದಿಂದ. ರೂಢಿ ಬಿಟ್ಟರೆ ನೆಮ್ಮದಿ ಕೆಡುತ್ತದೆ ಎಂಬ ಭಯ. ಇಂದ್ರನನ್ನೇ ಗೆದ್ದ ಮೇಘನಾದನ ಹೆಸರು ಹೊತ್ತವನು ಹಾಜರಿ ಪುಸ್ತಕದಲ್ಲಿ ಮಿಕ್ಕವರ ಜೊತೆ ಪ್ರಾಸವಾಗಿ ಕೂರಲು ಬಯಸುತ್ತಾನೆ. ಪರ ಊರಲ್ಲಿ ಬಾಳುವೆ ಕಟ್ಟಿಕೊಳ್ಳುವ ನಮಗೆ ಈ ಆಸೆ ಹೊಸದಲ್ಲ. ಎದ್ದು ಕಾಣಬಾರದು, ಯಾರ ತಂಟೆಗೂ ಹೋಗಬಾರದು, ಕೆಲಸ ಆಯಿತು, ಮನೆ ಆಯಿತು. ಇದರಲ್ಲಿ ತಪ್ಪೇನು?

ತಪ್ಪೇನು ಎಂಬುದನ್ನು ಇನ್ನೂ ನಿಷ್ಠುರವಾಗಿ ಕೇಳುವುದು 'ಬಾಕಿ ಇತಿಹಾಸ್'. ಬಹುರೂಪಿ ತಂಡ 1967ರಲ್ಲಿ ಇದನ್ನು ರಂಗಕ್ಕೆ ತಂದಿತು. ಶರದ್ ಮತ್ತು ಬಾಸಂತಿ ಗಂಡ ಹೆಂಡತಿ. ಅಲ್ಪಸ್ವಲ್ಪ ಪರಿಚಯವಿದ್ದ ಸೀತಾನಾಥ ಎಂಬವನ ಆತ್ಮಹತ್ಯೆಯ ಸುದ್ದಿ ಪತ್ರಿಕೆಯಲ್ಲಿ ಬಂದಿದೆ. ಕಾರಣ ಏನಿರಬಹುದೆಂದು ಇಬ್ಬರೂ ಒಂದೊಂದು ಕಥೆ ಕಟ್ಟುತ್ತಾರೆ. ಆಗ ಸತ್ತ ಸೀತಾನಾಥನೇ ಬಂದು ಶರದ್‌ನ ಎದುರು ನಿಲ್ಲುತ್ತಾನೆ. ನಿಮ್ಮ ಕಥೆಗಳಲ್ಲಿ ಬಾರದೆ ಉಳಿದ ಇತಿಹಾಸ ಒಂದಿದೆ ಎಂದು ಮನುಷ್ಯ ಮನುಷ್ಯನಿಗೆ ಮಾಡಿದ ಕ್ರೌರ್ಯವನ್ನೆಲ್ಲ ಮುಂದಿಡುತ್ತಾನೆ. ನಾನು ಯಾಕೆ ಸತ್ತೆ ಎಂಬುದಲ್ಲ, ಇಷ್ಟೆಲ್ಲ ಗೊತ್ತಿದ್ದೂ ನೀನು ಹೇಗೆ ಬದುಕಿದ್ದೀಯ ಎಂಬುದೇ ಅವನ ಪ್ರಶ್ನೆ. ಶರದ್ ಕುಸಿಯುತ್ತಾನೆ. ಅಷ್ಟರಲ್ಲಿ ಅವನಿಗೆ ಬಡ್ತಿ ಸಿಕ್ಕಿದ ಸುದ್ದಿ ಬರುತ್ತದೆ. ಬದುಕು ಮುಂದುವರಿಯುತ್ತದೆ.

ಆ ಬಡ್ತಿಯಷ್ಟು ಕ್ರೂರವಾದ ಮುಕ್ತಾಯ ನಾನು ಹೆಚ್ಚು ಕಂಡಿಲ್ಲ. ಆದರೆ ಇಲ್ಲಿ ಒಂದು ತಕರಾರನ್ನೂ ಎತ್ತಬೇಕು. ಜಗತ್ತಿನ ಎಲ್ಲ ಕೊಲೆಗೂ ಎಲ್ಲರೂ ಪಾಲುದಾರರು ಅಂದುಬಿಟ್ಟರೆ ನಿಜವಾಗಿ ಕೊಂದವನು ಗುಂಪಿನಲ್ಲಿ ಕರಗಿಹೋಗುತ್ತಾನೆ. ತುಘಲಕ್‌ನ ಪಾಪಕ್ಕೂ ಶರದ್‌ನ ಪಾಪಕ್ಕೂ ಒಂದೇ ತೂಕದ ಕಲ್ಲು ಹಾಕಲಾಗದು. ಜೊತೆಗೆ ಓದಿದವರ ಕೊರಗು ಎಷ್ಟೋ ಸಲ ತಮ್ಮನ್ನೇ ಮೆಚ್ಚಿಕೊಳ್ಳುವ ಉಪಾಯ. ನಾಟಕ ನೋಡಿ ಮನಸ್ಸು ಭಾರ ಮಾಡಿಕೊಂಡು, ಹೊರಗೆ ಬಂದು ಚಹಾ ಕುಡಿದು, ನಾನು ಸೂಕ್ಷ್ಮ ಮನುಷ್ಯ ಎಂದು ಸಮಾಧಾನಪಟ್ಟುಕೊಳ್ಳಬಹುದು.

ಬಾದಲ್‌ಬಾಬು ಈ ಅಪಾಯವನ್ನು ಕಂಡಿದ್ದರೆಂದೇ ನನ್ನ ನಂಬಿಕೆ. 1970ರ ದಶಕದಲ್ಲಿ ಅವರು ವೇದಿಕೆಯನ್ನೇ ಬಿಟ್ಟರು. ಪರದೆ, ಸೆಟ್ಟು, ಟಿಕೆಟ್ಟು ಎಲ್ಲ ಹೋದವು. ಅವರ ಶತಾಬ್ದಿ ತಂಡ ಕೋಣೆಗಳಲ್ಲಿ, ಪಾರ್ಕಿನಲ್ಲಿ, ಹಳ್ಳಿಗಳಲ್ಲಿ ಜನರ ನಡುವೆಯೇ ಆಡತೊಡಗಿತು. ನೋಡಿದವರು ಕೈಲಾದಷ್ಟು ಕೊಡುತ್ತಿದ್ದರು. ಕತ್ತಲಲ್ಲಿ ಮೆತ್ತನೆಯ ಕುರ್ಚಿಯಲ್ಲಿ ಕೂತು ಇನ್ನೊಬ್ಬರ ನೋವನ್ನು ನೋಡುವುದು ಅವರ ನಾಟಕಗಳು ಬಯಲಿಗೆಳೆದ ರೋಗದ್ದೇ ಒಂದು ಲಕ್ಷಣವಾಗಿತ್ತು.

1976ರ 'ಭೋಮಾ' ಹುಟ್ಟಿದ್ದು ಈ ದಾರಿಯಲ್ಲಿ. ಭೋಮಾ ಸುಂದರಬನದ ಮನುಷ್ಯ. ಕಾಡು ಕಡಿದು ನೆಲ ಹಸನು ಮಾಡಿದವನು, ಹಸಿದವನು. ನಾಟಕದಲ್ಲಿ ಅವನಿಗೆ ಕಥೆಯ ನಾಯಕನ ಪಾತ್ರವಿಲ್ಲ. ಹೆಸರಿಲ್ಲದ ನಟರು ನಗರದ ಬದುಕಿನ ತುಣುಕುಗಳನ್ನು ಆಡುತ್ತ ಹೋಗುತ್ತಾರೆ, ನಡುನಡುವೆ ಭೋಮಾನ ಹೆಸರು ಬಂದು ತಡೆಯುತ್ತದೆ. ಅವನ ಬಾಯಿಂದ ಬಾಬುಗಳು ಮಾತಾಡಿಸಿದರೆಂಬ ಆಕ್ಷೇಪಕ್ಕೆ ಎಡೆಯಿರಬಾರದೆಂದೇ ಇರಬೇಕು, ನಟರು ತಾವು ಬಾಬುಗಳಾಗಿಯೇ ಉಳಿಯುತ್ತಾರೆ.

ಇಲ್ಲಿಗೆ ಬಂದಾಗ ನನಗೆ 'ಅಪರಾಧ' ಎಂಬ ಪದಕ್ಕಿಂತ ನಮ್ಮದೇ ಇನ್ನೊಂದು ಪದ ಸರಿಯೆನಿಸುತ್ತದೆ: ಋಣ. ಅಪರಾಧಕ್ಕೆ ಮಾಡಿದವನೇ ಬೇಕು. ಋಣಕ್ಕೆ ಹಾಗಿಲ್ಲ. ಅನ್ನದ ಋಣ, ನೀರಿನ ಋಣ, ಉಪ್ಪಿನ ಋಣ ಅನ್ನುವಾಗ ನಾವು ಯಾರೂ ತಪ್ಪೊಪ್ಪಿಕೊಳ್ಳುತ್ತಿರುವುದಿಲ್ಲ. ಉಂಡಿದ್ದೇವೆ, ಆದ್ದರಿಂದ ಕೊಡುವುದಿದೆ, ಅಷ್ಟೇ. ಕೊರಗಿ ಮುಗಿಸಲು ಬರುವುದಿಲ್ಲ. ತೀರಿಸಬೇಕು, ಅಥವಾ ತೀರಿಸದೆ ಉಳಿದದ್ದನ್ನು ಲೆಕ್ಕದಲ್ಲಾದರೂ ಇಡಬೇಕು.

ಬಾದಲ್‌ಬಾಬು ಶಿಬ್‌ಪುರದಲ್ಲಿ ಸಿವಿಲ್ ಇಂಜಿನಿಯರಿಂಗ್ ಓದಿ ನಗರ ಯೋಜಕರಾಗಿ ದುಡಿದವರು. ನಗರ ಯಾರ ಬೆನ್ನ ಮೇಲೆ ನಿಲ್ಲುತ್ತದೆಂದು ಅವರಿಗೆ ಗೊತ್ತಿತ್ತು. ನಮ್ಮಲ್ಲಿ ಹಲವರು ದುಡಿಯುವ ಸಾಲ್ಟ್ ಲೇಕ್ ಜೌಗು ನೆಲದ ಮೇಲೆ ಹೂಗ್ಲಿಯ ಹೂಳು ತುಂಬಿ ಎಬ್ಬಿಸಿದ ಊರು. ರಾಜಾರ್‌ಹಾಟ್‌ನ ಗಾಜಿನ ಕಟ್ಟಡಗಳ ಕೆಳಗೆ ರೈತರಿಂದ ಪಡೆದ ಹೊಲಗಳಿವೆ. ಸುಂದರಬನದ ಕಡೆಯ ಹೆಂಗಸರು ಬೆಳಗಿನ ಜಾವದ ಕ್ಯಾನಿಂಗ್ ಲೋಕಲ್‌ನಲ್ಲಿ ಬಂದು ದಕ್ಷಿಣ ಕೋಲ್ಕತ್ತಾದ ಮನೆಗಳ ಪಾತ್ರೆ ತೊಳೆದು ಹಿಂದಿರುಗುತ್ತಾರೆ. ಭೋಮಾ ಎಲ್ಲೋ ದೂರದ ಕಾಡಿನಲ್ಲಿಲ್ಲ, ನಮ್ಮ ಅಡುಗೆಮನೆಯ ತನಕ ಬಂದಿದ್ದಾನೆ.

ಊರಿಂದ ಬಂದ ನಮಗೆ ಒಂದು ನೆಪ ಸುಲಭವಾಗಿ ಒದಗುತ್ತದೆ. ಇದು ನಮ್ಮ ಊರಲ್ಲ, ಇವರ ಇತಿಹಾಸ ನಮ್ಮದಲ್ಲ, ನಾಲ್ಕು ವರ್ಷ ಇದ್ದು ಹೋಗುವವರು. ಇಂದ್ರಜಿತ್ ತನ್ನನ್ನು ನಿರ್ಮಲ್ ಎಂದುಕೊಂಡದ್ದೂ ಇಂಥದೇ ನೆಪದಿಂದ. ನಿರ್ಮಲ ಎಂದರೆ ಕೊಳೆ ಅಂಟದವನು. ಆದರೆ ಋಣ ಊರು ಕೇಳುವುದಿಲ್ಲ. ಎಲ್ಲಿ ಉಂಡೆವೋ ಅಲ್ಲಿ ಅದು ಹುಟ್ಟುತ್ತದೆ. ಆ ಕ್ಯಾನಿಂಗ್ ಲೋಕಲ್ ತಡವಾದ ದಿನ ಕೆಲಸದವಳ ಕೂಲಿ ಮುರಿಯಬೇಕೋ ಬೇಡವೋ ಎಂಬಲ್ಲಿಂದಲೇ ಅದರ ಲೆಕ್ಕ ಶುರುವಾಗುತ್ತದೆ.