ಹನ್ನೆರಡು ನಿಮಿಷದ ಆಚೆ

ಬೀರುವಿನ ಮೇಲೆ ಬಿದ್ದಿದ್ದ ಹಳೆಯ ಕ್ಯಾಮೆರಾವೊಂದು ಈ ವಯಸ್ಸಿನಲ್ಲಿ ನನ್ನ ಪಾಲಿಗೆ ಬಂತು. 2010ರಲ್ಲಿ ಮಾರುಕಟ್ಟೆಗೆ ಬಂದ ಕ್ಯಾನನ್ 550ಡಿ. ಮಗ ಹೊಸದನ್ನು ಕೊಂಡ ಮೇಲೆ ಇದನ್ನು ಮರೆತೇಬಿಟ್ಟಿದ್ದ. ಉಳ್ಳಾಲದ ಕಡಲಗಾಳಿಗೆ ಕಿಟಕಿಯ ಸರಳುಗಳೇ ತುಕ್ಕು ಹಿಡಿದು ಉದುರುತ್ತವೆ. ಮಸೂರಕ್ಕೆ ಬೂಸಲು ಹಿಡಿಯಲು ಒಂದು ಮಳೆಗಾಲ ಸಾಕು. ಸುಮ್ಮನೆ ಹಾಳಾಗುವ ಬದಲು ಸುತ್ತಮುತ್ತಲಿನ ಬಯಲಾಟಗಳನ್ನಾದರೂ ಹಿಡಿದಿಡೋಣ ಎಂದುಕೊಂಡೆ.

ಆದರೆ ಆಟವೋ ರಾತ್ರಿ ಬೆಳಗಾಗುವವರೆಗೆ ನಡೆಯುವಂಥದ್ದು. ಈ ಕ್ಯಾಮೆರಾವೋ, ಒಂದು ಕಡತ ನಾಲ್ಕು ಗಿಗಾಬೈಟ್ ತುಂಬಿದೊಡನೆ, ಎಂದರೆ ಹೆಚ್ಚುಕಡಿಮೆ ಹನ್ನೆರಡು ನಿಮಿಷಕ್ಕೆ, ತಾನಾಗಿ ನಿಂತುಬಿಡುತ್ತದೆ. ಕೃಷ್ಣ ಒಡ್ಡೋಲಗ ಮುಗಿಸುವಷ್ಟರಲ್ಲಿ ಇದರ ಉಸಿರು ಮುಗಿಯುತ್ತಿತ್ತು. ಧ್ವನಿಯ ಪಾಡು ಇನ್ನೂ ವಿಚಿತ್ರ. ಚೆಂಡೆ ಮೊಳಗಿದಾಗ ಅದು ತಾನೇ ಶಬ್ದವನ್ನು ತಗ್ಗಿಸುತ್ತದೆ. ಭಾಗವತರು ಮೆಲ್ಲನೆ ಪದ ಎತ್ತಿದಾಗ ತಾನೇ ಏರಿಸುತ್ತದೆ. ಹೀಗಾಗಿ ಪದದ ಜೊತೆಗೆ ಜನರೇಟರಿನ ಗುರುಗುರು, ನೆಲಗಡಲೆ ಮಾರುವವನ ಕೂಗು, ಹಿಂದೆ ಕುಳಿತವರ ಆಕಳಿಕೆ ಎಲ್ಲವೂ ಒಂದೇ ಎತ್ತರಕ್ಕೆ ಬಂದು ನಿಲ್ಲುತ್ತಿದ್ದವು.

ನೆರೆಮನೆಯ ಹುಡುಗ ಇದಕ್ಕೊಂದು ಉಪಾಯ ತಂದ. 'ಮ್ಯಾಜಿಕ್ ಲ್ಯಾಂಟರ್ನ್' ಎಂಬ ತಂತ್ರಾಂಶ. 2009ರಲ್ಲಿ ಟ್ರಾಮೆಲ್ ಹಡ್ಸನ್ ಎಂಬವರು ಕ್ಯಾನನ್ನಿನ ಬೇರೊಂದು ಮಾದರಿಗಾಗಿ ಇದನ್ನು ಶುರುಮಾಡಿದರಂತೆ. ಆಮೇಲೆ ಹಲವರು ಸೇರಿ ನಮ್ಮಂಥವರ ಕ್ಯಾಮೆರಾಗಳಿಗೂ ಒಗ್ಗಿಸಿ ಪುಕ್ಕಟೆಯಾಗಿ ಹಂಚಿದರು. ಇದು ಕ್ಯಾಮೆರಾದ ಮೂಲ ತಂತ್ರಾಂಶವನ್ನು ಅಳಿಸುವುದಿಲ್ಲ. ಮೆಮೊರಿ ಕಾರ್ಡಿನಲ್ಲಿ ಕುಳಿತು, ಒಡೆಯನ ಮನೆಯಲ್ಲಿ ಬುದ್ಧಿವಂತ ಅಳಿಯ ಸಂಸಾರ ನಡೆಸಿದಂತೆ ನಡೆಸುತ್ತದೆ. ಕಡತ ತುಂಬಿ ನಿಂತರೆ ಒಂದೆರಡು ಸೆಕೆಂಡಿನಲ್ಲಿ ತಾನೇ ಮತ್ತೆ ಶುರುಮಾಡುತ್ತದೆ. ಧ್ವನಿಯನ್ನು ನಮ್ಮ ಕೈಗೆ ಬಿಡುತ್ತದೆ.

ತಯಾರಿಸಿದವರು ಹಾಕಿದ ಬೇಲಿಯನ್ನು ಹೀಗೆ ದಾಟುವುದು ತಪ್ಪಲ್ಲವೇ ಎಂದು ಮೊದಮೊದಲು ಅಳುಕಿತ್ತು. ನಮ್ಮ ಕಾಲದವರಿಗೆ ಗೆರೆ ಎಂದರೆ ಗೆರೆಯೇ. ಆದರೆ ಗೆರೆಗಳಲ್ಲೂ ತರಾವರಿ. ಆ ಕಾಲದ ಎಷ್ಟೋ ಕ್ಯಾಮೆರಾಗಳು 29 ನಿಮಿಷ 59 ಸೆಕೆಂಡಿಗೆ ಸರಿಯಾಗಿ ನಿಲ್ಲುತ್ತಿದ್ದವು. ಮೂವತ್ತು ನಿಮಿಷ ಓಡಿದರೆ ಐರೋಪ್ಯ ಒಕ್ಕೂಟದ ಲೆಕ್ಕದಲ್ಲಿ ಅದು ವೀಡಿಯೋ ಕ್ಯಾಮೆರಾ ಎನಿಸಿ ಹೆಚ್ಚು ಸುಂಕ ಬೀಳುತ್ತಿತ್ತು ಎಂಬುದೇ ಕಾರಣ. ಇನ್ನೆಲ್ಲೋ ಇರುವ ಸುಂಕದ ಕಟ್ಟೆಗಾಗಿ ನಮ್ಮೂರಿನ ಆಟ ಅರ್ಧಕ್ಕೆ ನಿಲ್ಲಬೇಕೇ? ಕ್ಯಾಮೆರಾ ನನ್ನದು, ಯಾರಿಗೂ ನಷ್ಟವಿಲ್ಲ. ಈ ಬೇಲಿಯನ್ನು ದಾಟಿದ್ದಕ್ಕೆ ನನಗೆ ಇಂದಿಗೂ ಪಶ್ಚಾತ್ತಾಪವಿಲ್ಲ.

ಪಶ್ಚಾತ್ತಾಪವೋ ಸಂದೇಹವೋ, ಅದು ಹುಟ್ಟಿದ್ದು ಬೇರೆ ಕಡೆಯಲ್ಲಿ.

ಕೋಟೆಕಾರಿನ ಕಡೆ ಗದ್ದೆಯೊಂದರಲ್ಲಿ ಹರಕೆಯಾಟ. ಪ್ರಸಂಗ ಹರಿಶ್ಚಂದ್ರ. ನಾನು ರಂಗಸ್ಥಳದ ಬದಿಗೆ ಮುಕ್ಕಾಲಿ ನೆಟ್ಟಿದ್ದೆ. ರಾತ್ರಿ ಮೂರರ ಸುಮಾರಿಗೆ ಚಂದ್ರಮತಿ ಮಗನ ಹೆಣವನ್ನು ಮಡಿಲಲ್ಲಿಟ್ಟುಕೊಂಡು ಅಳತೊಡಗಿದಳು. ಮದ್ದಳೆ ನಿಂತು ಭಾಗವತರ ದನಿಯೊಂದೇ ಉಳಿಯಿತು. ಸುಮ್ಮನೆ ಕ್ಯಾಮೆರಾವನ್ನು ಪ್ರೇಕ್ಷಕರ ಕಡೆಗೆ ತಿರುಗಿಸಿದೆ. ಮುಂದಿನ ಚಾಪೆಯಲ್ಲಿ ನಮ್ಮ ಬೀದಿಯ ಹೆಂಗಸೊಬ್ಬರು ಕುಳಿತಿದ್ದರು. ಎರಡು ವರ್ಷದ ಹಿಂದೆ ಅವರ ಮಗ ಕಡಲಿಗೆ ಹೋದವನು ಮರಳಿರಲಿಲ್ಲ. ಅಂದು ಮನೆಯಲ್ಲಿ ಜನ ತುಂಬಿದ್ದಾಗ ಅವರು ಒಂದು ಹನಿಯೂ ಕಣ್ಣೀರು ಹಾಕದೆ ಎಲ್ಲರಿಗೂ ಚಹಾ ಕೊಟ್ಟಿದ್ದರು. ಗಟ್ಟಿ ಹೆಂಗಸು ಎಂದು ಕೆಲವರು, ಕಲ್ಲು ಎಂದು ಕೆಲವರು ಆಡಿಕೊಂಡಿದ್ದೂ ಉಂಟು. ಆ ಹೆಂಗಸು ಈಗ ಸೆರಗನ್ನು ಬಾಯಿಗೆ ಒತ್ತಿಕೊಂಡು, ಮೈಯೆಲ್ಲ ಅದುರುವಂತೆ ಅಳುತ್ತಿದ್ದರು. ಕ್ಯಾಮೆರಾ ಹನ್ನೆರಡು ನಿಮಿಷ ಕಳೆದರೂ ನಿಲ್ಲಲಿಲ್ಲ. ನಾನೂ ನಿಲ್ಲಿಸಲಿಲ್ಲ.

ಮನೆಗೆ ಬಂದು ನೋಡಿದಾಗ ಇದಕ್ಕಿಂತ ಸತ್ಯವಾದ ಚಿತ್ರವನ್ನು ನಾನು ತೆಗೆದಿಲ್ಲ ಎನಿಸಿತು. ಒಂದು ಕಲೆ ಯಾಕೆ ಬೇಕು ಎಂದು ಯಾರಾದರೂ ಕೇಳಿದರೆ ಇದನ್ನೇ ತೋರಿಸಬಹುದಿತ್ತು. ಅದೇ ಹೊತ್ತಿಗೆ ಕದ್ದ ಒಡವೆಯನ್ನು ಇಟ್ಟುಕೊಂಡಂತೆಯೂ ಅನಿಸಿತು.

ಕಾನೂನು ಏನೆನ್ನುತ್ತದೆ ಎಂದು ಹುಡುಕಿದೆ. 1994ರ ತಿದ್ದುಪಡಿಯಿಂದ ನಮ್ಮ ದೇಶದಲ್ಲಿ ಪ್ರದರ್ಶನ ಕೊಡುವವರಿಗೆ ತಮ್ಮ ಪ್ರದರ್ಶನದ ಮೇಲೆ ಹಕ್ಕಿದೆ. ಈಗ ಅದು 50 ವರ್ಷ ಬಾಳುತ್ತದೆ. ನಟ, ಗಾಯಕ, ನರ್ತಕರ ಜೊತೆಗೆ ದೊಂಬರಾಟದವನು, ಹಾವಾಡಿಗನನ್ನೂ ಕಾನೂನು ಹೆಸರಿಸಿ ನೆನೆದಿದೆ ಎಂದು ಓದಿ ಸಂತೋಷವಾಯಿತು. ಆದರೆ ಚಾಪೆಯ ಮೇಲೆ ಕುಳಿತು ಅತ್ತವಳು ಆ ಪಟ್ಟಿಯಲ್ಲಿಲ್ಲ. ಅವಳು ಪ್ರದರ್ಶನ ಕೊಟ್ಟವಳಲ್ಲವಲ್ಲ! ವೇಷಧಾರಿ ಅಳುವುದು ನಾವು ನೋಡಲೆಂದು. ಅವರು ಅತ್ತದ್ದು ಕತ್ತಲೆಯನ್ನು ನಂಬಿ. ಇಬ್ಬರೂ ಬಯಲಲ್ಲೇ ಇದ್ದರು ನಿಜ. ಬಯಲಿನಲ್ಲಿ ಇದ್ದದ್ದೆಲ್ಲ ಬಯಲಿಗೆ ಬಂದದ್ದಲ್ಲ.

ಇದಕ್ಕೆ ಎದುರು ಮಾತೂ ನನ್ನೊಳಗೇ ಎದ್ದಿತು. ನಮ್ಮ ಉಳ್ಳಾಲದ ರಾಣಿಯನ್ನೇ ನೋಡಿ. ಅಬ್ಬಕ್ಕನ ಹೆಸರಿನಲ್ಲಿ ಉತ್ಸವ ಮಾಡುತ್ತೇವೆ, ಪ್ರತಿಮೆ ನಿಲ್ಲಿಸಿದ್ದೇವೆ. ಎಲ್ಲವೂ ನಮ್ಮ ಕಲ್ಪನೆಯ ಮುಖ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ ಉಳ್ಳಾಲದ ರಾಣಿಯನ್ನು ದಾರಿಯಲ್ಲಿ ಕಂಡು ಬರೆದಿಟ್ಟ. ಬರಿಗಾಲು, ಸಾದಾ ಹತ್ತಿಯ ಬಟ್ಟೆ, ನೀರಿನ ಕಾಲುವೆಯ ಕೆಲಸ ನೋಡಲು ಹೊರಟವಳು. ಅವನು ಯಾರ ಒಪ್ಪಿಗೆ ಕೇಳಿ ಬರೆದ? ಬರೆಯದಿದ್ದರೆ ಆ ಬರಿಗಾಲು ನಮಗೆ ಸಿಗುತ್ತಿತ್ತೇ? ಹಿಡಿದಿಟ್ಟವರಿಂದಲೇ ಅಲ್ಲವೇ ಸತ್ತವರು ಒಂದಿಷ್ಟು ಉಳಿಯುವುದು?

ಆದರೆ ರಾಣಿಗೂ ಬೀದಿಯ ಹೆಂಗಸಿಗೂ ಒಂದು ವ್ಯತ್ಯಾಸವಿದೆ. ಈ ಹೆಂಗಸು ಬದುಕಿದ್ದರು, ನಾಲ್ಕು ಮನೆ ಆಚೆ ಇದ್ದರು. ಕೇಳಬಹುದಿತ್ತು. ಕೇಳಲು ಸಾಧ್ಯವಿದ್ದಾಗ ಕೇಳದಿರುವುದಕ್ಕೆ ಯಾವ ಕಲೆಯ ನೆಪವೂ ಸಾಲದು. ಹೋಗಿ ತೋರಿಸಿದೆ. ಅವರು ಪೂರ್ತಿ ನೋಡಿದರು. "ಇಷ್ಟು ಹೊತ್ತು ಅತ್ತೆನಾ?" ಎಂದರು. ಆಮೇಲೆ, "ಅಳಿಸಿಬಿಡಿ. ಮಗಳು ನೋಡಿದರೆ ದೂರದಲ್ಲಿ ಕೂತು ಸಂಕಟಪಟ್ಟಾಳು" ಎಂದರು. ಅವರೆದುರೇ ಅಳಿಸಿದೆ. ಪ್ರತಿ ಇಟ್ಟುಕೊಳ್ಳುವ ಆಸೆ ಆಗಲಿಲ್ಲ ಎಂದರೆ ಸುಳ್ಳಾದೀತು.

ಮೂರು ಮಳೆಗಾಲ ಕಳೆದು ಅವರು ತೀರಿಕೊಂಡರು. ಹದಿಮೂರರ ಊಟ ಮುಗಿದ ಮೇಲೆ ಮಗಳು ನಮ್ಮ ಮನೆಗೆ ಬಂದಳು. "ಅಕ್ಕ, ಅಮ್ಮನನ್ನು ನೀವು ಆಟದಲ್ಲಿ ವೀಡಿಯೋ ಮಾಡಿದ್ದಿರಂತೆ. ಅಣ್ಣನಿಗಾಗಿ ಅಮ್ಮ ಒಮ್ಮೆಯೂ ಅಳಲಿಲ್ಲ ಎಂದು ನನಗೆ ಅವಳ ಮೇಲೆ ಸಿಟ್ಟಿತ್ತು. ಒಮ್ಮೆ ನೋಡಬೇಕು" ಎಂದಳು.

ನನ್ನ ನಾಲಿಗೆ ಒಣಗಿತು. ಸರಿಯಾದದ್ದನ್ನು ಮಾಡಿದರೆ ಎಲ್ಲರಿಗೂ ಒಳಿತಾಗುತ್ತದೆ ಎಂದು ಚಿಕ್ಕಂದಿನಿಂದ ನಂಬಿದ್ದೆ. ತಾಯಿಗೆ ಕೊಟ್ಟ ಮಾತು ಮಗಳ ಕೈಯಿಂದ ಏನನ್ನೋ ಕಸಿದಿತ್ತು. ಹಾಗೆಂದು ಆ ಮಾತು ತಪ್ಪಾಗಿತ್ತು ಎಂದೂ ಹೇಳಲಾರೆ. ಆ ಕಣ್ಣೀರಿನ ಮೇಲೆ ಅಧಿಕಾರವಿದ್ದದ್ದು ಅವರೊಬ್ಬರಿಗೇ.

"ಅಳಿಸಲು ಅಮ್ಮನೇ ಹೇಳಿದ್ದಾ?" ಎಂದು ಕೇಳಿದಳು. ಹೌದೆಂದೆ. ತುಸು ಹೊತ್ತು ಸುಮ್ಮನಿದ್ದು, "ಹಾಗಾದರೆ ಹೇಗೆ ಅತ್ತಳು, ಹೇಳಿ" ಎಂದಳು.

ನೆಲದ ಮೇಲೆ ಕುಳಿತು ಹೇಳಿದೆ. ಚಂದ್ರಮತಿಯ ಮಡಿಲು, ನಿಂತ ಮದ್ದಳೆ, ಬಾಯಿಗೆ ಒತ್ತಿದ ಸೆರಗು. ನಡುವೆ ಅವಳು ಏನೋ ಕೇಳುತ್ತಿದ್ದಳು, ನಾನು ಹಿಂದೆ ಹೋಗಿ ಮತ್ತೆ ಹೇಳುತ್ತಿದ್ದೆ. ಮುಗಿಯುವಾಗ ದೀಪ ಹಚ್ಚುವ ಹೊತ್ತಾಗಿತ್ತು.

ಈಗಲೂ ಆಟಕ್ಕೆ ಹೋಗುತ್ತೇನೆ. ಮೊದಲು ಚೌಕಿಗೆ ಹೋಗಿ ಕೇಳಿಕೊಂಡು, ಆಮೇಲೆ ಮುಕ್ಕಾಲಿ ಹೂಡುತ್ತೇನೆ. ಕ್ಯಾಮೆರಾ ರಂಗಸ್ಥಳದ ಕಡೆಗೇ ಇರುತ್ತದೆ. ಚಾಪೆಯ ಕಡೆ ತಿರುಗಬೇಕೆಂದು ಕೈ ತುಡಿಯುವುದುಂಟು. ಆಗ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತು ನೋಡುತ್ತೇನೆ.