ಹೆಸರಿಡುವವರ ಹೊಣೆ

ಮಚ್ಛೆಯ ಮಕ್ಕಳು ರಟ್ಟು ಕತ್ತರಿಸಿ ಡ್ರ್ಯಾಗನ್‌ಗಳ ಎಲೆಯಾಟ ಕಟ್ಟುತ್ತಿದ್ದಾರೆ ಎನ್ನೋಣ. ಬೆಂಕಿಯುಗುಳುವ ಪ್ರಾಣಿಗೆ ಭಯ ಹುಟ್ಟಿಸುವ ಹೆಸರು ಬೇಕು. ಎಲ್ಲಿಂದ ತರುವುದು? ಬೆಳಗಾವಿ-ಖಾನಾಪುರದ ಈ ಸೀಮೆಯಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಕಿವಿಗೆ ಬೀಳುತ್ತವೆ. ನಮ್ಮದಲ್ಲದ ಭಾಷೆಯ ಸದ್ದು ನಮಗೆ ಬೇಗನೆ ಒರಟಾಗಿ ಕೇಳಿಸುತ್ತದೆ. ಹೀಗೆ ಕ್ರೂರ ಪ್ರಾಣಿಗೆ ನಾವಿಟ್ಟ ಹೆಸರು ಪಕ್ಕದ ಮನೆಯವರ ಹೆಸರನ್ನೇ ಹೋಲತೊಡಗುತ್ತದೆ. ಇದರಿಂದ ಡ್ರ್ಯಾಗನ್‌ಗೆ ನೋವಿಲ್ಲ. ಶಾಲೆಯಲ್ಲಿ ಹಾಜರಿ ಕರೆದಾಗ ಆ ಹೆಸರಿಗೆ ಓಗೊಡುವ ಮಗುವಿಗೆ ನೋವಿದೆ.

ಆಟದ ಹೆಸರಲ್ಲವೇ ಎಂದು ನಾವು ನಕ್ಕುಬಿಡಬಹುದು. ಆದರೆ ಗಂಜೀಫಾವನ್ನು ನೆನೆಯಿರಿ. ಮೊಗಲರ ಕಾಲದ ಆ 96 ಎಲೆಗಳ ಎಂಟು ಬಗೆಗಳಲ್ಲಿ ತಾಜ್, ಶಂಶೇರ್ ಜೊತೆಗೆ 'ಗುಲಾಮ್' ಕೂಡ ಒಂದು. ಇಸ್ಪೀಟಿನಲ್ಲಿ ನಾವು ಇಂದಿಗೂ ಗುಲಾಮನನ್ನು ಎಸೆಯುತ್ತೇವೆ. ಒಬ್ಬ ಮನುಷ್ಯನ ಸಂಕಟ ನಮಗೆ ಬರಿಯ ಎಲೆಯಾಗಿದೆ. ಅದೇ ಗಂಜೀಫಾ ನೆರೆಯ ಸಾವಂತವಾಡಿಯಲ್ಲಿ ಮತ್ಸ್ಯ, ಕೂರ್ಮಗಳ 120 ಎಲೆಗಳಾಯಿತು. ಹೊರಗಿನಿಂದ ಬಂದ ಆಟದ ಹೆಸರನ್ನು ಮಾತ್ರ ಅಲ್ಲಿನವರು ಗೌರವದಿಂದ ಉಳಿಸಿಕೊಂಡರು.

ಮಕ್ಕಳು ಧಾರಾಳವಾಗಿ ಹೆಸರು ಕಟ್ಟಲಿ. ಕಿಡಿಬಾಲ, ಹೊಗೆಮೂಗ ಎನ್ನಲಿ. ನಾವು ಅವರಿಗೆ ಕಲಿಸಬೇಕಾದ ಪ್ರಶ್ನೆ ಒಂದೇ: ಆ ಹೆಸರಿನ ಗೆಳೆಯನನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಎಲೆಯನ್ನು ಎಸೆಯಬಲ್ಲೆವೇ?