ಗಾಜಿನ ಹಿಂದಿನ ಸೀರೆ

ಕಾರ್ಕಳದ ನಮ್ಮ ಹೊಲಿಗೆ ಕೋಣೆಯ ಒಂದು ಗೋಡೆ ಬಹುಕಾಲ ಬರಿದಾಗಿಯೇ ಇತ್ತು. ಮೂರು ಹೊಲಿಗೆ ಯಂತ್ರಗಳು, ಬಟ್ಟೆ ಕತ್ತರಿಸುವ ಒಂದು ಮೇಜು, ಕಸೂತಿ ಕಲಿಯಲು ಬರುವ ನಾಲ್ಕೈದು ಹೆಣ್ಣುಮಕ್ಕಳು. ಇವುಗಳ ನಡುವೆ ಗೋಡೆಯನ್ನು ನೋಡುವ ಬಿಡುವು ಯಾರಿಗೂ ಇರಲಿಲ್ಲ. ಅಮ್ಮ ತೀರಿಕೊಂಡ ವರ್ಷದ ಮಳೆಗಾಲದಲ್ಲಿ ಅದು ನನ್ನ ಕಣ್ಣಿಗೆ ಬಿತ್ತು. ಅಲ್ಲೊಂದು ಚಿತ್ರ ಬೇಕೆನಿಸಿತು. ಅಂಗಡಿಯಿಂದ ತಂದ ಚಿತ್ರವಲ್ಲ, ಅಮ್ಮನ ವಸ್ತುಗಳಿಂದಲೇ ಕೂಡಿಸಿದ ಚಿತ್ರ.

ಬಟ್ಟೆ, ಮಣ್ಣು, ಲೋಹ, ದಾರ ಎಲ್ಲವನ್ನೂ ಒಂದೇ ಚೌಕಟ್ಟಿನಲ್ಲಿ ಸೇರಿಸುವ ಇಂತಹ ಕೃತಿಯನ್ನು ಕಲಾವಿದರು ಮಿಶ್ರಮಾಧ್ಯಮವೆನ್ನುತ್ತಾರೆ. ನನ್ನ ಬಳಿ ಇದ್ದವು ಇಷ್ಟೇ: ಅಮ್ಮನ ಉಡುಪಿ ಸೀರೆ, ಕೆಡವಿದ ಹಳೆಯ ಮನೆಯ ಕೆಂಪು ಹಂಚಿನ ಒಂದು ಚೂರು, ಅಮ್ಮನ ತವರಾದ ಕಾಪುವಿನಲ್ಲಿ ದೀಪಸ್ತಂಭದ ಬಳಿಯ ಮರಳಿನಿಂದ ಆಯ್ದ ಬಲೆಯ ತುಂಡು, ಹೊಲಿಯುವಾಗ ಅವರು ಬೆರಳಿಗೆ ತೊಡುತ್ತಿದ್ದ ಹಿತ್ತಾಳೆಯ ಟೊಪ್ಪಿ ಮತ್ತು ದಾರ ಹರಿದ ಜಪಮಾಲೆ. ಹಲಸಿನ ಮರದ ಚೌಕಟ್ಟು ಮಾಡಿಸಿದೆ. ಹಲಗೆಯ ಮೇಲೆ ಕೋರಾ ಬಟ್ಟೆಯನ್ನು ಎಳೆದು ಬಿಗಿದು, ಪ್ರತಿಯೊಂದನ್ನೂ ಅದಕ್ಕೆ ಹೊಲಿದೆ. ಅಂಟು ಬಳಸಲಿಲ್ಲ. ಅಂಟು ಕಾಲಕ್ರಮದಲ್ಲಿ ಹಳದಿಯಾಗುತ್ತದೆ. ಮೇಲಾಗಿ ಒಮ್ಮೆ ಅಂಟಿಸಿದ್ದನ್ನು ಹರಿಯದೆ ಬಿಡಿಸಲಾಗದು, ಹೊಲಿಗೆಯನ್ನಾದರೆ ಬಿಚ್ಚಬಹುದು. ಹಂಚಿನ ಚೂರನ್ನು ತಾಮ್ರದ ತಂತಿಯಿಂದ ಕಟ್ಟಿದೆ. ಗಾಜು ಬಟ್ಟೆಗೆ ತಾಗದಂತೆ ಅಂಚಿನಲ್ಲಿ ಸಣ್ಣ ಮರದ ಪಟ್ಟಿಗಳನ್ನಿಟ್ಟೆ. ನಮ್ಮ ಕರಾವಳಿಯ ಜೂನ್ ತಿಂಗಳ ತೇವದಲ್ಲಿ ಗಾಜಿಗೆ ಒತ್ತಿದ ಬಟ್ಟೆಗೆ ಬೂಷ್ಟು ಹಿಡಿಯಲು ಹೆಚ್ಚು ದಿನ ಬೇಕಿಲ್ಲ. ಕೆಲಸದಲ್ಲಿ ಸಂತೋಷವಿತ್ತೆಂಬುದನ್ನು ಮರೆಮಾಚಲಾರೆ. ಹಲವು ರಾತ್ರಿಗಳ ದುಃಖಕ್ಕೆ ಕೈಗಳು ಒಂದು ಕೆಲಸ ಹುಡುಕಿಕೊಂಡಿದ್ದವು.

ನೋಡಲು ಬಂದ ಅಕ್ಕ ಬಹಳ ಹೊತ್ತು ಸುಮ್ಮನೆ ನಿಂತಳು. ಕೊನೆಗೆ ಕೇಳಿದಳು: “ಈ ಸೀರೆಯನ್ನು ಅಮ್ಮ ನೆಲ ಒರೆಸುವ ಬಟ್ಟೆಯಾಗುವವರೆಗೂ ಬಳಸುತ್ತಿದ್ದರು. ನೀನು ಕತ್ತರಿಸಿ ಗಾಜಿನೊಳಗಿಟ್ಟಿದ್ದೀಯೆ. ಯಾರಿಗೆ ತೋರಿಸಲಿಕ್ಕೆ?”

ಆಗ ನನಗೆ ಸಿಟ್ಟು ಬಂತು. ಆದರೆ ಪ್ರಶ್ನೆ ಅಲ್ಲಿಗೇ ಮುಗಿಯಲಿಲ್ಲ.

ನಮ್ಮ ಮನೆಗಳಲ್ಲಿ ಹತ್ತಿಯ ಸೀರೆಗೊಂದು ಆಯುಷ್ಯದ ಕ್ರಮವಿತ್ತು. ಮೊದಲು ಬಲಿಪೂಜೆಗೆ, ಬಳಿಕ ಮನೆಯೊಳಗೆ, ಮೆತ್ತಗಾದ ಮೇಲೆ ಮಗುವಿನ ತೊಟ್ಟಿಲಿಗೆ, ಆನಂತರ ಹೊದಿಕೆಯ ಒಳಪದರಕ್ಕೆ, ಕಟ್ಟಕಡೆಗೆ ಅಡುಗೆಮನೆಯ ಬಿಸಿಪಾತ್ರೆ ಹಿಡಿಯಲು. ಪ್ರತಿ ಹಂತದಲ್ಲಿಯೂ ಅದು ಯಾರಿಗಾದರೂ ಸಲ್ಲುತ್ತಿತ್ತು. ಉಡುಪಿ ಸೀರೆಗೆ 2016ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಆ ಹೊತ್ತಿಗೆ ಅದನ್ನು ನೇಯುವವರು ವಿರಳರಾಗಿದ್ದರು. ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸೊಸೈಟಿ, ನಮ್ಮ ಕಾರ್ಕಳದ ಕದಿಕೆ ಟ್ರಸ್ಟ್ ಮುಂತಾದವರ ಶ್ರಮದಿಂದ ಮಗ್ಗದ ಸದ್ದು ಮತ್ತೆ ಕೇಳುತ್ತಿದೆ. ಆ ಸೀರೆಯನ್ನು ಉಳಿಸಿದ್ದು ಗಾಜಲ್ಲ, ಹೆಂಗಸರು ಅದನ್ನು ಮತ್ತೆ ಉಡಲು ತೊಡಗಿದ್ದು. ಹಾಗಿರುವಾಗ ನಾನು ಸೀರೆಯ ಪ್ರಯಾಣವನ್ನು ನಡುದಾರಿಯಲ್ಲಿ ನಿಲ್ಲಿಸಿದ್ದು ಗೌರವವೋ, ಅಪಹರಣವೋ?

ಉತ್ತರ ಅಷ್ಟು ಸುಲಭವಲ್ಲ. ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ಗೆ ನಾವು ಮಕ್ಕಳನ್ನು ಕರೆದುಕೊಂಡು ಹೋಗುತ್ತೇವೆ. 2017ರಲ್ಲಿ ನಿಧನರಾದ ವಿಜಯನಾಥ ಶೆಣೈಯವರು, ಕೆಡವಲಿದ್ದ ಹಳೆಯ ಮನೆಗಳನ್ನು ತೊಲೆ ತೊಲೆಯಾಗಿ ಬಿಚ್ಚಿ ತಂದು ಅಲ್ಲಿ ಮರುಜೋಡಿಸಿದರು. ಮಿಯಾರು ಮನೆ, ಹರ್ಕೂರು ಮನೆಗಳು ಇಂದಿಗೂ ನಿಂತಿರುವುದು ಅವರಿಂದ. ಅಲ್ಲಿ ಈಗ ಯಾರೂ ಅಡುಗೆ ಮಾಡುವುದಿಲ್ಲ, ತೊಟ್ಟಿಲು ತೂಗುವುದಿಲ್ಲ, ನಿಜ. ಆದರೆ ಆ ಮನೆಗಳ ಮುಂದಿದ್ದ ಬೇರೆ ದಾರಿ ಬಳಕೆಯಲ್ಲ, ಸೌದೆಯ ರಾಶಿ. ಬಳಸುವವರಿಲ್ಲದ ವಸ್ತುವನ್ನು ಕಾಪಿಡುವುದು ಒಂದು ಧರ್ಮವೇ ಸರಿ. ನನ್ನ ವಿಷಯ ಬೇರೆ. ಅಮ್ಮನ ಸೀರೆಯನ್ನು ಬಳಸಲು ಜನರಿದ್ದರು. ಅಕ್ಕನ ಮಗಳು ಆಗ ತುಂಬು ಗರ್ಭಿಣಿ.

ಜಪಮಾಲೆಯ ವಿಷಯದಲ್ಲಿ ಸಂದೇಹವಿದ್ದುದರಿಂದ ಧರ್ಮಕೇಂದ್ರದ ಗುರುಗಳನ್ನು ಕೇಳಿದೆ. 1983ರ ಧರ್ಮಸಭಾ ಕಾನೂನು ಸಂಹಿತೆಯ 1171ನೇ ವಿಧಿಯನ್ನು ಅವರು ತೋರಿಸಿದರು: ಆಶೀರ್ವದಿಸಿ ದೈವಾರಾಧನೆಗೆ ಮೀಸಲಿಟ್ಟ ವಸ್ತುಗಳು ಖಾಸಗಿಯವರ ಒಡೆತನದಲ್ಲಿದ್ದರೂ ಅವುಗಳನ್ನು ಭಕ್ತಿಗೌರವದಿಂದ ಕಾಣಬೇಕು, ಲೌಕಿಕವಾದ ಅಥವಾ ತಕ್ಕುದಲ್ಲದ ಬಳಕೆಗೆ ಒಡ್ಡಬಾರದು. ಸವೆದುಹೋದ ಪವಿತ್ರ ವಸ್ತುವನ್ನು ಸುಡುವುದು ಇಲ್ಲವೇ ಮಣ್ಣಿನಲ್ಲಿ ಹೂಳುವುದು ನಮ್ಮ ರೂಢಿ. ಗರಿಗಳ ಭಾನುವಾರದ ಗರಿಯೇ ಸುಟ್ಟು ಮರುವರ್ಷ ನಮ್ಮ ಹಣೆಯ ಬೂದಿಯಾಗುವುದಲ್ಲವೇ? ಅಂದರೆ ಧರ್ಮಸಭೆಯು ಪವಿತ್ರವಾದುದಕ್ಕೂ ಒಂದು ಮುಕ್ತಾಯವನ್ನು ಅನುಮತಿಸುತ್ತದೆ. ಅದು ಅಲಂಕಾರವಾಗಿ ಅಳಿದುಳಿಯುವುದಕ್ಕಿಂತ ಗೌರವದಿಂದ ಇಲ್ಲವಾಗುವುದು ಮೇಲು. ಗುರುಗಳು ಗದರಲಿಲ್ಲ. “ದಾರ ತಾನೇ ಹರಿದಿರುವುದು, ಮಣಿಗಳು ಚೆನ್ನಾಗಿವೆಯಲ್ಲ?” ಎಂದಷ್ಟೇ ಕೇಳಿದರು. ಹೊಲಿಗೆಯವಳಾದ ನನಗೆ ದಾರ ಪೋಣಿಸಲು ಇನ್ನೊಬ್ಬರು ಹೇಳಬೇಕಾಯಿತು!

ಆ ದಿನಗಳಲ್ಲಿ ವಿಮೋಚನಾಕಾಂಡವನ್ನು ಓದುತ್ತಿದ್ದೆ. ಅದರ ಮೂವತ್ತೊಂದನೆಯ ಅಧ್ಯಾಯದಲ್ಲಿ ದೇವರು ತಮ್ಮ ಆತ್ಮದಿಂದ ತುಂಬಿಸಿದ್ದು ಪ್ರವಾದಿಯನ್ನಲ್ಲ, ರಾಜನನ್ನಲ್ಲ, ಬೆಚಲೇಲನೆಂಬ ಕುಶಲಕರ್ಮಿಯನ್ನು. ಕೈಕೆಲಸದ ಸೌಂದರ್ಯವನ್ನು ಪೋಲೆಂದು ಜರೆಯುವವರು ಆ ಅಧ್ಯಾಯವನ್ನು ಓದಬೇಕು. ಆದರೆ ಮರು ಅಧ್ಯಾಯದಲ್ಲಿಯೇ ಇನ್ನೊಂದು ಕುಶಲಕರ್ಮ ನಡೆಯುತ್ತದೆ. ಜನರ ಕಿವಿಯ ಓಲೆಗಳನ್ನು ಕರಗಿಸಿ ಆರೋನನು ಹೊನ್ನಿನ ಕರುವನ್ನು ಮಾಡುತ್ತಾನೆ. ಮೂವತ್ತೈದನೆಯ ಅಧ್ಯಾಯಕ್ಕೆ ಬಂದರೆ ದೇವದರ್ಶನದ ಗುಡಾರಕ್ಕಾಗಿ ಜನರು ತಂದೊಪ್ಪಿಸುವುದೂ ಓಲೆ ಉಂಗುರಗಳನ್ನೇ. ಅದೇ ಜನ, ಅದೇ ಬಂಗಾರ, ಅದೇ ಬಗೆಯ ಕುಶಲತೆ.

ಹಾಗಾದರೆ ಭೇದ ಎಲ್ಲಿ? ಕರು ಹುಟ್ಟಿದ್ದು ಒಂದು ಹೆದರಿಕೆಯಿಂದ. ಮೋಶೆ ಬೆಟ್ಟವೇರಿ ಬಹಳ ದಿನಗಳಾಗಿದ್ದವು. ಕಾಣದಾದವನ ಜಾಗದಲ್ಲಿ ಕಣ್ಣಿಗೆ ಕಾಣುವುದೊಂದು ಜನರಿಗೆ ಬೇಕಿತ್ತು. ಇದನ್ನೋದಿ ನಾನು ಪುಸ್ತಕ ಮುಚ್ಚಿಟ್ಟೆ. ಕಾಣದಾದವರ ಜಾಗದಲ್ಲಿ ಕಾಣುವುದೊಂದನ್ನು ನಾನೂ ನಿಲ್ಲಿಸಿದ್ದೆ. ಚೌಕಟ್ಟು ಗೋಡೆಯೇರಿದ ಮೇಲೆ ಅಮ್ಮನಿಗಾಗಿ ಜಪ ಮಾಡುವುದು ಕಡಿಮೆಯಾಗಿತ್ತೆಂಬುದು ಆಗ ಹೊಳೆಯಿತು. ಮೂವತ್ತೆಂಟನೆಯ ಅಧ್ಯಾಯದ ಒಂದು ಸಣ್ಣ ಸಂಗತಿಯೂ ಮನಸ್ಸಿನಲ್ಲಿ ನಿಂತಿದೆ. ಗುಡಾರದ ಬಾಗಿಲಲ್ಲಿ ಸೇವೆ ಮಾಡುತ್ತಿದ್ದ ಸ್ತ್ರೀಯರ ದರ್ಪಣಗಳಿಂದ ಕಂಚಿನ ತೊಟ್ಟಿಯೊಂದು ತಯಾರಾಗುತ್ತದೆ. ತನ್ನ ಮುಖವನ್ನಷ್ಟೇ ತೋರಿಸುತ್ತಿದ್ದ ಲೋಹ, ಯಾಜಕರ ಕೈಕಾಲು ತೊಳೆಯುವ ನೀರನ್ನು ಹೊರುವಂತಾಯಿತು.

ಇಷ್ಟಾದರೂ ನಾನು ಏನನ್ನೂ ಬದಲಾಯಿಸಿರಲಿಲ್ಲ. ಅಭಿಮಾನ ಬಿಡಬೇಕಲ್ಲ. ಬದಲಾಯಿಸಿದ್ದು ಒಬ್ಬ ಗಿರಾಕಿ. ರವಿಕೆಗೆ ಅಳತೆ ಕೊಡಲು ಬಂದ ಆಕೆ ಚೌಕಟ್ಟಿನ ಮುಂದೆ ನಿಂತು ಮೆಚ್ಚಿ, ಬೆಲೆ ಕೇಳಿದರು. ಮಾರಾಟಕ್ಕಲ್ಲವೆಂದೆ. ಹಾಗಿದ್ದರೆ ಹಳೆಯ ಸೀರೆ ತಂದುಕೊಡುವೆ, ಇಂಥದ್ದೇ ಒಂದನ್ನು ಮಾಡಿಕೊಡಿ ಎಂದು ದೊಡ್ಡ ಮೊತ್ತವನ್ನೇ ಹೇಳಿದರು. ತಪ್ಪೇನಿಲ್ಲ, ಅದು ನ್ಯಾಯವಾದ ದುಡಿಮೆಯೇ. ಆದರೆ ಆ ಗಳಿಗೆಯಲ್ಲಿ ನನ್ನ ಕಣ್ಣು ಚೌಕಟ್ಟು ಎತ್ತ ಮುಖ ಮಾಡಿದೆಯೆಂಬುದನ್ನು ಗಮನಿಸಿತು. ಅದು ಬಾಗಿಲಿಗೆ ಎದುರಾಗಿತ್ತು. ನನ್ನ ಮೇಜಿನಿಂದ, ಹುಡುಗಿಯರ ಯಂತ್ರಗಳಿಂದ ಅದು ಕಾಣುತ್ತಲೇ ಇರಲಿಲ್ಲ. ದಿನವಿಡೀ ತಲೆ ಬಗ್ಗಿಸಿ ದುಡಿಯುವವರ ಕಣ್ಣಿಗೆ ತಂಪಾಗಲೆಂದು ನಾನು ಹೇಳಿಕೊಳ್ಳುತ್ತಿದ್ದ ಚಿತ್ರವನ್ನು ನೋಡುತ್ತಿದ್ದವರು ಹಣ ಕೊಡುವವರು ಮಾತ್ರ. ಅಕ್ಕನ ಪ್ರಶ್ನೆಗೆ ಉತ್ತರವನ್ನು ಗೋಡೆಯೇ ಕೊಟ್ಟುಬಿಟ್ಟಿತ್ತು.

ಸಂತ ದ್ವಿತೀಯ ಜಾನ್ ಪೌಲರು 1999ರ ಪಾಸ್ಖ ಹಬ್ಬದಂದು ಕಲಾವಿದರಿಗೆ ಬರೆದ ಪತ್ರದಲ್ಲಿ ಸೃಷ್ಟಿಕರ್ತನಿಗೂ ಕುಶಲಕರ್ಮಿಗೂ ಇರುವ ಅಂತರವನ್ನು ತಿಳಿಸುತ್ತಾರೆ. ದೇವರು ಶೂನ್ಯದಿಂದ ಸೃಷ್ಟಿಸುವರು. ಮನುಷ್ಯನು ಆಗಲೇ ಇರುವುದನ್ನು ಬಳಸಿ ಅದಕ್ಕೆ ರೂಪ ಕೊಡುವನು. ಆಗಲೇ ಇರುವುದೆಂದರೆ, ನನ್ನಂಥವರ ಪಾಲಿಗೆ, ಆಗಲೇ ಇನ್ನೊಬ್ಬರದಾಗಿರುವುದು. ನೇಕಾರನ ನೂಲು, ಕುಲುಮೆಯ ಮಣ್ಣು, ಅಪರಿಚಿತ ಮೀನುಗಾರನ ಬಲೆ, ಅಮ್ಮನ ಬೆವರು. ಈ ಋಣಪಟ್ಟಿಯಲ್ಲಿ ನನ್ನದೆನ್ನಲು ಹೊಲಿಗೆಯೊಂದೇ ಇತ್ತು.

ಒಂದು ಶನಿವಾರ ಸಂಜೆ ಚೌಕಟ್ಟನ್ನು ಇಳಿಸಿ ಹಿಂಬದಿಯ ಹಲಗೆ ಬಿಚ್ಚಿದೆ. ಜಪಮಾಲೆಯನ್ನು ಹೊರತೆಗೆದು ಹೊಸ ದಾರದಲ್ಲಿ ಪೋಣಿಸಿದೆ. ಅದೀಗ ನನ್ನ ದಿಂಬಿನ ಬಳಿ ಇದೆ. ಸೀರೆಯ ಉಳಿದ ಭಾಗವನ್ನು ಅಕ್ಕನಿಗೆ ಕೊಟ್ಟೆ. ಅವಳ ಮೊಮ್ಮಗ ಅದರ ಮೇಲೆ ಮಲಗಿದ್ದಾನೆ, ಒದ್ದೆಯೂ ಮಾಡಿದ್ದಾನೆ. ಸೆರಗಿನ ಅಗಲದ ಒಂದು ತುಂಡನ್ನು ಮಾತ್ರ ಚೌಕಟ್ಟಿನಲ್ಲಿ ಉಳಿಸಿಕೊಂಡೆ. ಎಲ್ಲವನ್ನೂ ತೆಗೆದು ಗೋಡೆಯನ್ನು ಮತ್ತೆ ಬರಿದಾಗಿಸುವುದೂ ಒಂದು ಬಗೆಯ ಡಂಭವೆನಿಸಿತು. ಆ ಕೆಂಪಂಚನ್ನು ನೋಡುತ್ತ ಹುಡುಗಿಯರು ಬಣ್ಣ ಹೊಂದಿಸಲು ಕಲಿಯುತ್ತಾರೆ. ಚೌಕಟ್ಟು ಈಗ ಅವರ ಯಂತ್ರಗಳಿಗೆ ಎದುರಾಗಿರುವ ಗೋಡೆಯಲ್ಲಿದೆ. ಬಾಗಿಲಲ್ಲಿ ನಿಂತವರಿಗೆ ಅದರ ಅಂಚಷ್ಟೇ ಕಾಣುತ್ತದೆ. ಅಕ್ಕ ಇನ್ನೂ ಪೂರ್ತಿ ಒಪ್ಪಿಲ್ಲ. ಕತ್ತರಿಸಿದ ಸೀರೆಯನ್ನು ಮತ್ತೆ ಕೂಡಿಸಲಾಗದೆಂಬ ಅವಳ ಮಾತು ಸತ್ಯ.

ಕಳೆದ ತಿಂಗಳು ಹೊಸದಾಗಿ ಸೇರಿದ ಹುಡುಗಿಯೊಬ್ಬಳು ದಪ್ಪ ಬಟ್ಟೆಗೆ ಕೈಹೊಲಿಗೆ ಹಾಕುತ್ತ ಬೆರಳು ಚುಚ್ಚಿಕೊಂಡಳು. ಟೊಪ್ಪಿ ಇಲ್ಲವೇ ಎಂದು ಕೇಳಿದೆ. ಇಲ್ಲವೆಂದು ಹೇಳಿ, ತಲೆಯೆತ್ತಿ ಗೋಡೆಯತ್ತ ನೋಡಿದಳು. ಆ ಸಂಜೆ ನಾಲ್ಕು ಹೊಲಿಗೆ ಬಿಚ್ಚಿದೆ. ಅಮ್ಮನ ಹಿತ್ತಾಳೆಯ ಟೊಪ್ಪಿ ಅವಳ ಬೆರಳಿಗೆ ತುಸು ಸಡಿಲ. ಒಳಗೆ ಹತ್ತಿ ತುರುಕಿಕೊಂಡು ತೊಡುತ್ತಾಳೆ. ಕೋರಾ ಬಟ್ಟೆಯ ಮೇಲೆ ಅದಿದ್ದ ಜಾಗದಲ್ಲಿ ಸೂಜಿಯ ನಾಲ್ಕು ತೂತುಗಳು ಉಳಿದಿವೆ.